ತೆಂಕಲ ಗೋಡೆಯ ನಕ್ಷೆ

ಹೋದ ತಿಂಗಳು ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಇಂಜಿನಿಯರ್ ಹೆಣ್ಣುಮಗಳೊಬ್ಬಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದಳು. ಸಂಚಾರ ನಿಯಂತ್ರಣದ ಕೋಣೆಯೊಂದನ್ನು ಹೊಸದಾಗಿ ಸಜ್ಜು ಮಾಡುವ ಕೆಲಸ ಅವಳ ಪಾಲಿಗೆ ಬಂದಿದೆಯಂತೆ. ಗೋಡೆ ತುಂಬ ಪರದೆ, ಪರದೆ ತುಂಬ ರಸ್ತೆ. "ಕಾಕಾ, ಎಲ್ಲಿಂದ ಶುರು ಮಾಡ್ಲಿ ಹೇಳ್ರಿ" ಅಂದಳು. "ಮೊದಲ ಅಲ್ಲಿ ಕೆಲಸ ಮಾಡೋ ಮಂದಿ ಜೋಡಿ ಎಂಟು ದಿನ ಕುಂತು ಬಾರವ್ವಾ, ಅಳತಿ ಟೇಪು ಮನ್ಯಾಗ ಇರ್ಲಿ" ಅಂದೆ. ವಯಸ್ಸಾದವರ ಮಾತು ಎಂದುಕೊಂಡು ನಕ್ಕಳು, ಚಹಾ ಕುಡಿದಳು, ಹೋದಳು. ಅವಳು ಹೋದ ಮೇಲೆ ನನಗೆ ಅನಿಸಿತು: ಯಾಕೆ ಎಂಟು ದಿನ ಕೂರಬೇಕು ಅನ್ನುವುದನ್ನು ಹೇಳಲೇ ಇಲ್ಲವಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅವಳಿಗೂ, ಅವಳ ಹಿಂದೆ ಬರುವವರಿಗೂ.

ನಾನು ನಕ್ಷೆ ಬರೆಯುವವ, ಡ್ರಾಫ್ಟ್ಸ್‌ಮನ್. ಇಲಾಖೆಯ ಹೆಸರು ಬೇಡ. ಆಗ ಇದ್ದವರು ಇನ್ನೂ ಊರಲ್ಲಿ ಓಡಾಡಿಕೊಂಡಿದ್ದಾರೆ, ಸಂತೆಯಲ್ಲಿ ಎದುರಾಗುತ್ತಾರೆ. ೧೯೯೭ರಲ್ಲಿ ಕೊಪ್ಪಳ ಜಿಲ್ಲೆಯಾದಾಗ ರಾಯಚೂರಿನಿಂದ ನಮ್ಮನ್ನೂ ನಮ್ಮ ಕಪಾಟುಗಳನ್ನೂ ಒಂದೇ ಲಾರಿಯಲ್ಲಿ ಕಳಿಸಿದರು. ಕಪಾಟು ಬಂದವು, ಕೀಲಿಗಳು ರಾಯಚೂರಿನಲ್ಲೇ ಉಳಿದವು. ಮೂರು ತಿಂಗಳು ನಾವು ಕಪಾಟಿನ ಮೇಲೆ ಕಾಗದವಿಟ್ಟು ಕೆಲಸ ಮಾಡಿದೆವು. ಆದರೂ ಆ ದಿನಗಳ ನೆನಪು ಬಂದರೆ ಇವತ್ತಿಗೂ ಬಾಯಿ ಸಿಹಿಯಾಗುತ್ತದೆ. ಎಲ್ಲವೂ ಹೊಸದು, ಯಾರಿಗೂ ಏನೂ ಸರಿಯಾಗಿ ಗೊತ್ತಿಲ್ಲ, ಗೊತ್ತಿಲ್ಲ ಎಂದು ಹೇಳಲು ಯಾರಿಗೂ ನಾಚಿಕೆ ಇರಲಿಲ್ಲ.

ಆಗಿನ ಕಂಟ್ರೋಲ್ ರೂಮು ಅಂದರೆ ಒಂದು ತಗಡಿನ ಕೋಣೆ. ಒಂದು ವೈರ್‌ಲೆಸ್ ಸೆಟ್ಟು, ಒಂದು ಫೋನು, ಸಾಲೆಯಿಂದ ತಂದ ಕರಿಹಲಗೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಹಲಗೆಯ ಮೇಲೆ ಮೂರು ಗೆರೆ ಎಳೆದು, ಯಾವ ದಾರಿಯಲ್ಲಿ ಲಾರಿ ಬಿದ್ದಿದೆ, ಎಲ್ಲಿ ಹಳ್ಳ ಬಂದಿದೆ, ಯಾವ ಜೀಪು ಎಲ್ಲಿದೆ ಅನ್ನುವುದನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಇಬ್ಬರು ಆಪರೇಟರುಗಳು. ಒಬ್ಬರು ದ್ಯಾಮಣ್ಣ, ಯಲಬುರ್ಗಾ ಸೀಮೆಯ ಒಕ್ಕಲುತನದ ಮನೆಯವರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಇನ್ನೊಬ್ಬಳು ಗಂಗಾವತಿಯ ರತ್ನಮ್ಮ, ಬಾಯಿ ಬಲು ಜೋರು, ಕೈ ಇನ್ನೂ ಜೋರು.

ಮೂರ್ನಾಲ್ಕು ವರ್ಷದ ಮೇಲೆ ಹೊಸ ಕೋಣೆಗೆ ಮಂಜೂರಾತಿ ಬಂತು. ಹೊಸ ಕೋಣೆ ಅಂದರೆ ಹಳೆಯ ಉಗ್ರಾಣವೊಂದನ್ನು ಖಾಲಿ ಮಾಡಿ ಕೊಟ್ಟಿದ್ದರು. ಒಳಗಿನ ಏರ್ಪಾಟೆಲ್ಲ ನನ್ನ ಕೆಲಸ: ಮೇಜು ಎಲ್ಲಿ, ದೀಪ ಎಲ್ಲಿ, ತಂತಿ ಎಲ್ಲಿಂದ, ಮನುಷ್ಯ ಎಲ್ಲಿ ಕೂರಬೇಕು. ನಾನು ಬೆಂಗಳೂರಿನಿಂದ ಒಂದು ಕೈಪಿಡಿ ತರಿಸಿ, ಅದರಲ್ಲಿದ್ದಂತೆ ಅಡಿಗೆ ಗಾಲಿಯಿದ್ದ ಆಫೀಸು ಕುರ್ಚಿಗಳನ್ನು ಹಾಕಿಸಿದೆ. ಒಬ್ಬ ಆಪರೇಟರು ಕೂತಲ್ಲಿಂದಲೇ ಸರಿದು ಎರಡು ಸೆಟ್ಟು ನೋಡಿಕೊಳ್ಳಬಹುದು ಎಂಬ ಲೆಕ್ಕ. ಆದರೆ ಉಗ್ರಾಣದ ಶಹಾಬಾದ್ ಕಲ್ಲಿನ ನೆಲವನ್ನು ನೀರು ಹಾಕಿ ತೊಳೆದರೆ ಮೋರಿಗೆ ಹರಿಯಲಿ ಎಂದು ಇಳಿಜಾರಾಗಿ ಹಾಕಿದ್ದರು. ನಾನು ಗೋಡೆ ಅಳೆದಿದ್ದೆ, ನೆಲ ನೋಡಿರಲಿಲ್ಲ.

ಮೊದಲ ವಾರವೇ ರತ್ನಮ್ಮ ನನ್ನ ಮೇಜಿಗೆ ಬಂದಳು. "ಸರ, ನಿಮ್ಮ ಕುರ್ಚಿಗಳಿಗೆ ರಜಾ ಬೇಕಂತ್ರಿ."

"ಯಾಕವ್ವಾ?"

"ನಾ ನೀರ ಕುಡ್ಯಾಕ ಎದ್ರ ಸಾಕು, ತಾವ ಮೋರಿ ಕಡೆ ಹೊಂಟ ಬಿಡ್ತಾವ. ಮುಂಜಾನೆ ಬಂದ್ ನೋಡಿದ್ರ ನಾಕೂ ಕುರ್ಚಿ ಮೂಲ್ಯಾಗ ಪಂಚಾಯ್ತಿ ಕುಂತಾವ."

ಹೋಗಿ ನೋಡಿದೆ. ದ್ಯಾಮಣ್ಣ ತಮ್ಮ ಕುರ್ಚಿಯನ್ನು ಎತ್ತಿಗೆ ಕಟ್ಟುವ ಹಗ್ಗದಿಂದ ಮೇಜಿನ ಕಾಲಿಗೆ ಬಿಗಿದುಕೊಂಡು, ಅದರ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕುರ್ಚಿಯ ಕೈಗಳು ಮೊಣಕಾಲಿಗೆ ಒತ್ತುತ್ತಿದ್ದವು. "ಕಾಲ ಇಳಿಬಿಟ್ಟ ಕುಂತ್ರ ನನಗ ಮಾತು ನೆಟ್ಟಗ ಬರಂಗಿಲ್ರಿ" ಅಂದರು. ನಮ್ಮ ಮಂದಿ ಎಂಟು ತಾಸು ಕೂರುವುದು ಹೀಗೆಯೇ ಎಂದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಬಡಿಗನನ್ನು ಕರೆಸಿ ಗಾಲಿ ತೆಗೆಸಿದೆ, ಕೈ ತೆಗೆಸಿದೆ, ಕೂರುವ ಹಲಗೆಯನ್ನು ಅಗಲ ಮಾಡಿಸಿದೆ. ಅವು ಆಮೇಲೆ ಕುರ್ಚಿಯಾಗಿ ಉಳಿಯಲಿಲ್ಲ, ಮಣೆಗೆ ಕಾಲು ಬಂದಂತಾದವು. ಆದರೆ ಆಮೇಲೆ ಯಾರೂ ಬೆನ್ನುನೋವು ಅನ್ನಲಿಲ್ಲ.

ನನ್ನ ಇಂಥ ತಪ್ಪುಗಳ ಪಟ್ಟಿ ಉದ್ದವಿದೆ. ದೀಪವನ್ನು ಮೇಜಿನ ಮೇಲೆ ಹಾಸಿದ ಗಾಜಿನ ಎದುರು ಹಾಕಿ ಆಪರೇಟರುಗಳಿಗೆ ಗಾಜಿನಲ್ಲಿ ಅವರವರ ಮುಖವೇ ಕಾಣುವಂತೆ ಮಾಡಿದ್ದೆ. ಫೋನನ್ನು ಬಲಗಡೆ ಇಟ್ಟು, ಬರೆಯುವ ಕೈಯಲ್ಲೇ ರಿಸೀವರ್ ಹಿಡಿಯಬೇಕಾಗುವಂತೆ ಮಾಡಿದ್ದೆ. ಇವೆಲ್ಲ ನಕ್ಕು ಸರಿಪಡಿಸುವಂಥವು. ನಕ್ಷೆಯದು ಹಾಗಲ್ಲ.

ನಮ್ಮ ಸಾಹೇಬರಿಗೆ ನಕ್ಷೆಯ ಹುಚ್ಚು. ಒಳ್ಳೆಯ ಮನುಷ್ಯ, ಅಳತೆ ಮಾಡುವಾಗ ಟೇಪಿನ ಇನ್ನೊಂದು ತುದಿ ತಾವೇ ಹಿಡಿಯುತ್ತಿದ್ದರು. ಅವರಿಗೆ ಇಡೀ ಜಿಲ್ಲೆಯ ರಸ್ತೆಗಳು ಒಂದೇ ಹಲಗೆಯ ಮೇಲೆ ಕಾಣಬೇಕು, ಎಲ್ಲಿ ತೊಂದರೆಯೋ ಅಲ್ಲಿ ಕೆಂಪು ಬಲ್ಬು ಹತ್ತಬೇಕು. ಗಂಗಾವತಿಯಲ್ಲಿ ಅಂಗಡಿ ಬೋರ್ಡು ಬರೆಯುವ ಪೇಂಟರನ್ನು ಹಿಡಿದು ಎಂಟಡಿ ಪ್ಲೈವುಡ್ಡಿನ ಮೇಲೆ ಜಿಲ್ಲೆ ಬರೆಸಿದೆವು. ಹಳ್ಳಿಗೊಂದು ಬಲ್ಬು, ಹಿಂದೆ ತಂತಿಗಳ ಗೂಡು. ಇನ್ನು ಎಲ್ಲಿ ತೂಗು ಹಾಕುವುದು? ಕೋಣೆಯ ಬಾಗಿಲು ಬಡಗಲ ಗೋಡೆಗೆ, ಕಿಟಕಿಗಳೂ ಅಲ್ಲೇ. ಎದುರಿನ ತೆಂಕಲ ಗೋಡೆ, ಅಂದರೆ ದಕ್ಷಿಣದ್ದು, ಪೂರ್ತಿ ಖಾಲಿ.

"ದೊಡ್ಡವರು ಯಾರರ ಒಳಗ ಕಾಲಿಟ್ಟ ಕೂಡಲೆ ಜಿಲ್ಲಾ ಎದುರಿಗೆ ಕಾಣಬೇಕ ನೋಡು" ಅಂದರು ಸಾಹೇಬರು. ಸರಿ, ತೆಂಕಲ ಗೋಡೆಗೇ ಬಡಿದೆವು. ಆಪರೇಟರುಗಳ ಮೇಜನ್ನೂ ಅದಕ್ಕೆ ಮುಖಮಾಡಿ ಇಟ್ಟೆ.

ಆ ಸಂಜೆ ದ್ಯಾಮಣ್ಣ ಬಹಳ ಹೊತ್ತು ನಕ್ಷೆಯ ಮುಂದೆ ನಿಂತಿದ್ದರು. "ಸರ, ಜಿಲ್ಲಾ ತಿರುವುಮುರುವು ಆಗೇತಲ್ರಿ" ಅಂದರು.

"ಎಲ್ಲೈತ್ರಿ ತಿರುವುಮುರುವು? ಮ್ಯಾಲೆ ಬಡಗಲ, ಬಲಕ್ಕ ಮೂಡಲ. ಸಾಲ್ಯಾಗ ಕಲ್ತಿಲ್ಲೇನ್ರಿ?"

"ಸಾಲಿ ಕಲ್ತಿದ್ರ ನಿಮ್ಮ ಕುರ್ಚ್ಯಾಗ ಕುಂದರ್ತಿದ್ನಿ. ಗಂಗಾವತಿ ನನ್ನ ಎಡಗೈ ಕಡೆ ಐತ್ರಿ, ಅಲ್ಲಿ. ನೀವ ಬಲಗೈಗೆ ಬರ್ಸೀರಿ."

ನಾನು ಜೋರಾಗಿ ನಕ್ಕೆ. ಪೇಂಟರೂ ನಕ್ಕ. ದ್ಯಾಮಣ್ಣ ನಗಲಿಲ್ಲ. ಇನ್ನೊಮ್ಮೆ ಹೇಳಲೂ ಇಲ್ಲ.

ಅವರ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು. ತೆಂಕಲ ಗೋಡೆಗೆ ಮುಖಮಾಡಿ ಕೂತರೆ ಹೊತ್ತು ಹುಟ್ಟುವ ದಿಕ್ಕು ಎಡಗೈಗೆ ಬರುತ್ತದೆ. ಗಂಗಾವತಿ ನಿಜವಾಗಿ ಇರುವುದು ಆ ಕಡೆಗೆ. ಆದರೆ ನಕ್ಷೆಯಲ್ಲಿ ಮೂಡಲ ಬಲಕ್ಕಿರುತ್ತದೆ, ಹಾಗಾಗಿ ಗಂಗಾವತಿಯ ಬಲ್ಬು ಹತ್ತುವುದು ಬಲಗೈ ಕಡೆ, ಅಂದರೆ ಹೊತ್ತು ಮುಳುಗುವ ಕಡೆ. ಕಾಗದ ಓದಿ ಬೆಳೆದವರಿಗೆ ಇದೇನೂ ತೊಡಕಲ್ಲ. ಆದರೆ ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಎಡ ಬಲ ಅನ್ನುವ ಮಾತೇ ಕಡಿಮೆ. ನನ್ನನ್ನು ಸಾಕಿದ ಆಯಿ, ಅಡುಗೆಮನೆಯ ಕತ್ತಲಲ್ಲೂ "ಉಪ್ಪಿನ ಡಬ್ಬಿ ಬಡಗಲಕ್ಕೈತಿ" ಅನ್ನುವವಳು. ಮಲಗಿದವನನ್ನು ಎಬ್ಬಿಸಿ "ಒಂಚೂರು ಮೂಡಲಕ ಸರಿಯೋ, ಗ್ವಾಡಿಗೆ ತಲಿ ಬಡದೀತು" ಅನ್ನುವವಳು. ನಾನು ಮಾತು ಕಲಿತದ್ದೇ ಅವಳ ಬಾಯಿಂದ. ನಮ್ಮ ಮೈಯೊಳಗೇ ದಿಕ್ಕು ಕೂತಿರುತ್ತದೆ. ಮೂರು ವರ್ಷ ಡಿಪ್ಲೊಮಾ ಓದಿ ನಾನು ಅದನ್ನು ಮರೆತಿದ್ದೆ, ದ್ಯಾಮಣ್ಣ ಮರೆತಿರಲಿಲ್ಲ.

ರತ್ನಮ್ಮನಿಗೂ ಮೊದಮೊದಲು ತೊಡಕಾಯಿತು. ಆದರೆ ಅವಳು ನಕ್ಷೆ ನೋಡುವುದನ್ನೇ ಬಿಟ್ಟು ಬಾಯಿಲೆಕ್ಕದಲ್ಲಿ ಕೆಲಸ ಸಾಗಿಸಿದಳು. ದೊಡ್ಡವರು ಬಂದಾಗ ಮಾತ್ರ ಬಲ್ಬು ಹತ್ತಿಸುತ್ತಿದ್ದಳು. ಬಂದವರೆಲ್ಲ ಮೆಚ್ಚಿದರು. ನನ್ನ ಎದೆಯೂ ಉಬ್ಬಿತ್ತು.

ದಾಳಿಂಬೆ ಸುಗ್ಗಿಯ ಒಂದು ಮುಂಜಾನೆ, ಎಂಟರ ಸುಮಾರಿಗೆ, ಕುಷ್ಟಗಿಯಿಂದ ತಾವರಗೇರಾಕ್ಕೆ ಹೋಗುವ ದಾರಿಯಲ್ಲಿ ದಾಳಿಂಬೆ ತುಂಬಿದ ಲಾರಿ ಪಲ್ಟಿಯಾಯಿತು. ಹುಣಸಿಹಳ್ಳದ ಸೇತುವೆಯ ಹತ್ತಿರ ಎಂದು ಯಾರೋ ಎಸ್‌ಟಿಡಿ ಬೂತಿನಿಂದ ಫೋನು ಮಾಡಿದರು. ಡ್ರೈವರನ ಕಾಲು ಕ್ಯಾಬಿನ್ನಿನ ಅಡಿಗೆ ಸಿಕ್ಕಿದೆ, ಎತ್ತಲು ಕ್ರೇನು ಬೇಕು. ಆ ದಿನ ದ್ಯಾಮಣ್ಣನ ಪಾಳಿ, ಜೊತೆಗಿದ್ದ ರತ್ನಮ್ಮ ಆಸ್ಪತ್ರೆಗೆ ಫೋನು ಹಚ್ಚುತ್ತಿದ್ದಳು. ನಮ್ಮ ಅದೃಷ್ಟಕ್ಕೆ ಕ್ರೇನು ಅದೇ ದಾರಿಯಲ್ಲಿ, ನಡುಮಧ್ಯದಲ್ಲಿ, ಬೇರೆ ಕೆಲಸ ಮುಗಿಸಿ ನಿಂತಿತ್ತು. ಕ್ರೇನಿನವನು ಕರಾವಳಿಯಿಂದ ಬಂದು ನಾಲ್ಕು ದಿನವಾಗಿದ್ದ ಹೊಸಬ, ಊರುಗಳ ಹೆಸರು ತಿಳಿಯದು. ವೈರ್‌ಲೆಸ್ಸಿನಲ್ಲಿ ಕೇಳಿದ, "ಯಾವ ಕಡೆಗೆ ಹೋಗ್ಬೇಕು?"

ದ್ಯಾಮಣ್ಣನಿಗೆ ಯಲಬುರ್ಗಾ ಸೀಮೆಯ ಒಂದೊಂದು ಗಿಡವೂ ಗೊತ್ತು. ಕುಷ್ಟಗಿಯ ಆ ಮೂಲೆ ಅವರು ತಿರುಗಿದ್ದಲ್ಲ. ತಲೆ ಎತ್ತಿ ನಕ್ಷೆ ನೋಡಿದರು. ಕ್ರೇನು ಎಲ್ಲಿದೆ ಎಂದು ಗುರುತಿಗೆ ಚುಚ್ಚಿದ್ದ ಬಾವುಟಕ್ಕಿಂತ ಬಲಗೈ ಕಡೆ ಹುಣಸಿಹಳ್ಳದ ಬಲ್ಬು. ಆ ಅವಸರದಲ್ಲಿ ನಕ್ಷೆಯ ತಿರುವುಮುರುವು ನೆನಪಾಗಲಿಲ್ಲ, ಅವರ ಮೈಗೆ ಬಲಗೈ ಅಂದರೆ ಪಡುವಲ.

"ಹೊತ್ತು ಬೆನ್ನಿಗೆ ಹಾಕ್ಕೊಂಡ್ ನಡಿ ತಮ್ಮಾ, ಜಲ್ದಿ" ಅಂದರು.

ಹೋಗಬೇಕಾಗಿದ್ದುದು ಬಿಸಿಲಿಗೆ ಮುಖಮಾಡಿ. ಕ್ರೇನು ಕುಷ್ಟಗಿಯ ಕಡೆಗೇ ವಾಪಸು ಓಡಿತು. ಯಾರನ್ನು ಕೇಳಿದರೂ ಇಲ್ಲಿ ಲಾರಿ ಬಿದ್ದಿಲ್ಲ ಅಂದರು. ಸೆಟ್ಟಿನಲ್ಲಿ ಮಾತು ಕಡಿದು ಕಡಿದು ಬರುತ್ತಿತ್ತು. ತಪ್ಪು ಗೊತ್ತಾಗಿ ಕ್ರೇನು ತಿರುಗಿ ಬಂದು ಮುಟ್ಟುವಾಗ ಮುಕ್ಕಾಲು ತಾಸು ಹೆಚ್ಚಾಗಿ ಹೋಗಿತ್ತು. ಡ್ರೈವರನ ಹೆಸರು ಯಮನೂರಪ್ಪ. ಅವನ ಜೀವ ಉಳಿಯಿತು, ಕಾಲೂ ಉಳಿಯಿತು, ಆದರೆ ಮೊದಲಿನ ನಡಿಗೆ ಉಳಿಯಲಿಲ್ಲ. ಬೇಗ ಎತ್ತಿದ್ದರೆ ಸರಿಹೋಗುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಆಗ್ತಿತ್ತು ಅಂತನೂ ಹೇಳಾಕಾಗೂದಿಲ್ಲ, ಆಗ್ತಿರಲಿಲ್ಲ ಅಂತನೂ ಹೇಳಾಕಾಗೂದಿಲ್ಲ" ಅಂದರು.

ವಿಚಾರಣೆ ಬಂತು. ಆಪರೇಟರನ ನಿರ್ಲಕ್ಷ್ಯ ಎಂದು ಮೊದಲೇ ಕಾಗದ ತಯಾರಾಗಿತ್ತು. ದ್ಯಾಮಣ್ಣನ ನಿವೃತ್ತಿಗೆ ಎಂಟು ತಿಂಗಳು ಬಾಕಿ. ನಿರ್ಲಕ್ಷ್ಯ ಎಂದು ತೀರ್ಮಾನವಾದರೆ ಮೂವತ್ತು ವರ್ಷದ ನೌಕರಿ ಆ ಒಂದು ಪದದಲ್ಲಿ ಮುಗಿಯುತ್ತಿತ್ತು. ಯಾರು ಏನು ಕೇಳಿದರೂ ಅವರದು ಒಂದೇ ಉತ್ತರ: "ತಪ್ಪಾಗೈತ್ರಿ." ನಕ್ಷೆಯ ಮಾತನ್ನೇ ಎತ್ತಲಿಲ್ಲ. ನಾನು ನಕ್ಕಿದ್ದನ್ನೂ ಹೇಳಲಿಲ್ಲ.

ವಿಚಾರಣೆಯ ಹಿಂದಿನ ದಿನ ಸಾಹೇಬರು ನನ್ನನ್ನು ಕರೆದು ಬಾಗಿಲು ಮುಚ್ಚಿದರು. ನನ್ನ ಮುಖ ನೋಡಿಯೇ ಅವರಿಗೆ ತಿಳಿದಿತ್ತು.

"ನೀ ಏನ ಹೇಳಬೇಕಂತ ಮಾಡಿ?"

"ಇದ್ದದ್ದ ಹೇಳ್ತೀನ್ರಿ. ನಕ್ಷಾ ಆ ಗ್ವಾಡಿಗೆ ಇರಬಾರದಾಗಿತ್ತು."

"ಆ ಡ್ರಾಯಿಂಗ್ ಮ್ಯಾಲೆ ನನ್ನ ಸಹಿನೂ ಐತೋ. ನಕ್ಷಾ ಸರಿ ಐತಿ, ಓದಿದವನಿಗೆ ತಪ್ಪಾತು, ಅಷ್ಟ. ಮುದುಕ ಆಗ್ಯಾನ, ಎಂಟ ತಿಂಗಳ ಆದ್ರ ಹೆಂಗೂ ಮನಿಗೆ ಹೋಗ್ತಾನ. ನಿಂದಿನ್ನೂ ಇಪ್ಪತ್ತ ವರ್ಷ ಐತಿ."

ಧೈರ್ಯವಂತ ನಾನಲ್ಲ. ಮನೆಯಲ್ಲಿ ಇಬ್ಬರು ಸಣ್ಣ ಮಕ್ಕಳು. ನಕ್ಷೆ ಸರಿಯಾಗಿದೆ ಅನ್ನುವುದು ಸುಳ್ಳೂ ಅಲ್ಲ, ಕಾಗದದ ಮೇಲೆ ಅದು ಸರಿಯಾಗಿಯೇ ಇತ್ತು.

ವಿಚಾರಣೆಗೆ ಬಂದ ಅಧಿಕಾರಿ ಸುರಪುರದ ಕಡೆಯವರು, ಕನ್ನಡಕದ ಮೇಲಿಂದ ನೋಡುವವರು, ಮಾತು ಕಡಿಮೆ. ದ್ಯಾಮಣ್ಣ ಅವರ ಮುಂದೆ ಕೈಕಟ್ಟಿ ನಿಂತು ಮತ್ತೆ "ತಪ್ಪಾಗೈತ್ರಿ" ಅಂದರು. ಅಧಿಕಾರಿ ಪೆನ್ನಿನ ಟೊಪ್ಪಿಗೆ ತೆಗೆದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಸರ, ಬರಿಯೂದಕಿಂತ ಮೊದಲ ಒಂದ ಐದ ನಿಮಿಷ ಆ ಕ್ವಾಣಿಗೆ ಬರ್ರಿ" ಅಂದೆ.

ಬಂದರು. ದ್ಯಾಮಣ್ಣನ ಕುರ್ಚಿಯ ಮೇಲೆ ಕೂರಿಸಿದೆ. ಪಕ್ಕದಲ್ಲಿ ರತ್ನಮ್ಮ, ಹಿಂದೆ ದ್ಯಾಮಣ್ಣ, ಬಾಗಿಲಲ್ಲಿ ಸಾಹೇಬರು.

"ಎಲ್ಲಾರೂ ಕಣ್ಣ ಮುಚ್ಚಿ, ಗಂಗಾವತಿ ಎಲ್ಲೈತಿ ಕೈ ಮಾಡಿ ತೋರಸ್ರಿ."

"ಇದೇನೋ ಸಾಲಿ ಹುಡುಗ್ರ ಆಟ" ಅಂದರು ಅಧಿಕಾರಿ. ಆದರೆ ಕಣ್ಣು ಮುಚ್ಚಿದರು. ಸಾಹೇಬರದೊಂದು ಬಿಟ್ಟು ಮೂರು ಕೈಗಳು ಎದ್ದವು. ಮೂರೂ ಎಡಕ್ಕೆ, ಕಿಟಕಿಯಿಲ್ಲದ ಮೂಡಲ ಗೋಡೆಯನ್ನು ತೂರಿ, ನೆಟ್ಟಗೆ ಗಂಗಾವತಿಯ ಕಡೆಗೆ. ನಾನು ಸ್ವಿಚ್ಚು ಒತ್ತಿದೆ.

"ಈಗ ಕಣ್ಣ ತಗೀರಿ. ಕೈ ಹಂಗ ಇರ್ಲಿ."

ಅಧಿಕಾರಿಯ ಕೈ ಎಡಕ್ಕಿತ್ತು, ಗಂಗಾವತಿಯ ಬಲ್ಬು ಬಲಕ್ಕೆ ಉರಿಯುತ್ತಿತ್ತು. ಅವರು ಬಲ್ಬು ನೋಡಿದರು, ತಮ್ಮ ಕೈ ನೋಡಿಕೊಂಡರು, ಮೆಲ್ಲಗೆ ಇಳಿಸಿದರು.

"ಹಿಂಗ ಹಚ್ಚಿದವ್ರ ಯಾರು?"

"ನಾನ್ರಿ."

"ಹಿಂಗಾಗ್ತೈತಿ ಅಂತ ಮೊದಲ ಯಾರರ ಹೇಳಿದ್ರೇನು?"

ನಿಜವಾದ ಪ್ರಶ್ನೆ ಅದು. ಇಲ್ಲ ಅಂದಿದ್ದರೆ ಅಲ್ಲಿಗೆ ಅದೊಂದು ಅರಿಯದೆ ಆದ ತಪ್ಪಾಗಿ ಮುಗಿಯುತ್ತಿತ್ತು. ಇಬ್ಬರಿಗೂ ಏನೂ ಆಗುತ್ತಿರಲಿಲ್ಲವೇನೋ. ಹಿಂದೆ ದ್ಯಾಮಣ್ಣ ಉಸಿರು ಬಿಡುವುದು ಕೇಳಿಸಿತು.

"ದ್ಯಾಮಣ್ಣನವ್ರ ಹೇಳಿದ್ರು. ನಾ ನಕ್ಕ ಬಿಟ್ಟಿದ್ನಿ."

"ನಿಮ್ಮ ಹೆಸರ ಬರೀಬೇಕಾಗ್ತೈತಿ."

"ಬರೀರಿ."

ಹೊರಗೆ ಬಂದ ಮೇಲೆ ಸಾಹೇಬರು ಪಡಸಾಲೆಯಲ್ಲಿ ನಿಲ್ಲಿಸಿದರು. "ಗ್ವಾಡಿ ಆರಿಸಿದವ ನಾನು ಅಂತ ಯಾಕ ಹೇಳಲಿಲ್ಲೋ?"

"ಅವ್ರ ಕೇಳಲಿಲ್ರಿ" ಅಂದೆ.

ಒಂದು ತಿಂಗಳು ಅವರು ನನ್ನೊಂದಿಗೆ ಮಾತಾಡಲಿಲ್ಲ. ಆದರೆ ನಾನು ಕಳಿಸಿದ ಹೊಸ ಡ್ರಾಯಿಂಗು ಒಂದೇ ದಿನದಲ್ಲಿ ಸಹಿಯಾಗಿ ಬಂತು. ದ್ಯಾಮಣ್ಣನ ಮೇಲಿನ ಆಪಾದನೆ ಬಿದ್ದುಹೋಯಿತು. ನನ್ನ ಸೇವಾ ಪುಸ್ತಕದಲ್ಲಿ ಎರಡು ಸಾಲು ಕೆಂಪು ಮಸಿಯಲ್ಲಿ ಕೂತವು. ಅವು ಇವತ್ತಿಗೂ ಅಲ್ಲಿಯೇ ಇವೆ.

ಹೊಸ ಡ್ರಾಯಿಂಗು ಇಷ್ಟೇ: ನಕ್ಷೆಯನ್ನು ಗೋಡೆಯಿಂದ ಇಳಿಸಿ, ನಾಲ್ಕು ಕಾಲು ಕೊಟ್ಟು, ಕೋಣೆಯ ನಡುವೆ ಮೇಜಿನಂತೆ ಮಲಗಿಸಿದೆವು. ಬಡಿಗ "ಯಾವ ಮಕ ಯಾವ ಕಡೆ ಇಡ್ಲಿ?" ಅಂದ. ದ್ಯಾಮಣ್ಣ ಹಲಗೆಯ ಮೂಲೆ ಹಿಡಿದು ಸುತ್ತಲೂ ಒಂದಿಷ್ಟು ಸರಿಸಿ, ಗಂಗಾವತಿ ಗಂಗಾವತಿಯ ಕಡೆಗೂ ಯಲಬುರ್ಗಾ ಯಲಬುರ್ಗಾದ ಕಡೆಗೂ ಬರುವಂತೆ ನಿಲ್ಲಿಸಿ, "ಹೂಂ, ಮೊಳಿ ಹೊಡಿ" ಅಂದರು. ಆಪರೇಟರುಗಳು ಅದರ ಸುತ್ತ ಕೂತರು. ಬಡಗಲ ಬದಿಗೆ ಕೂತವರಿಗೆ ಊರುಗಳ ಹೆಸರು ತಲೆಕೆಳಗಾಗುತ್ತಿತ್ತು. ಪೇಂಟರನ್ನು ಮತ್ತೆ ಕರೆಸಿ ಪ್ರತಿ ಹೆಸರನ್ನೂ ಎರಡೂ ಕಡೆಯಿಂದ ಓದುವಂತೆ ಬರೆಸಿದೆ. "ಒಂದ ಊರಿಗೆ ಎರಡ ಬೋರ್ಡ ಬರಿಯಾಕತ್ತೀನಿ, ಮಂದಿ ನಗ್ತಾರ್ರಿ" ಅಂತ ಗೊಣಗಿದ. ಬಂದ ದೊಡ್ಡವರು ಯಾರೂ ಅದನ್ನು ಮೊದಲಿನಷ್ಟು ಮೆಚ್ಚಲಿಲ್ಲ. ಬಾಗಿಲಲ್ಲಿ ನಿಂತರೆ ಅದು ಕಾಣುತ್ತಲೇ ಇರಲಿಲ್ಲ, ಬಗ್ಗಿ ನೋಡಬೇಕಿತ್ತು. ಆದರೆ ಕ್ರೇನು ಮತ್ತೆಂದೂ ದಿಕ್ಕು ತಪ್ಪಲಿಲ್ಲ.

ಇಷ್ಟಾದರೂ ದ್ಯಾಮಣ್ಣನ ಮುಖ ತಿಳಿಯಾಗಲಿಲ್ಲ. ಒಂದು ದಿನ ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿ ಕೂತಾಗ ಹೇಳಿದರು, "ನಂದ ತಪ್ಪಿಲ್ಲಂತ ಕಾಗದ ಬಂತ್ರಿ. ಖರೆ, ಹೇಳಿದ ಬಾಯಿ ನಂದ ಅಲ್ಲೇನ್ರಿ?"

"ಏನ ಮಾಡೂಣಂತೀರಿ?"

"ಆ ಡ್ರೈವರನ್ನ ಒಮ್ಮೆ ನೋಡಿ ಬರ್ತೀನಿ. ನೀವ ಬರೂದ ಬ್ಯಾಡ."

ಆ ಭಾನುವಾರ ಬಸ್‌ಸ್ಟ್ಯಾಂಡಿನಲ್ಲಿ ಅವರಿಗಿಂತ ಮೊದಲೇ ಹೋಗಿ ನಿಂತಿದ್ದೆ. ಅವರು ಬಸ್ಸಿನಲ್ಲಿ ಜಾಗ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಯಮನೂರಪ್ಪನ ಊರು ಗಂಗಾವತಿಯ ಆಚೆ, ಕಾಲುವೆ ದಂಡೆಯ ಮೇಲೆ. ಅವನು ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಸುಮಾರು ನಲವತ್ತರ ಮನುಷ್ಯ, ಲಾರಿಯವರ ದೊಡ್ಡ ದನಿ. ನಾವು ಯಾರೆಂದು ಹೇಳಿದೆವು. ಅವನ ಹೆಂಡತಿ ಒಳಗಿನಿಂದ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

"ಅವತ್ತ ಕ್ರೇನ ತಪ್ಪ ದಾರಿಗೆ ಕಳಿಸಿದವ್ರ ನಿಮ್ಮಿಬ್ರಾಗ ಯಾರು?" ಅಂದ ಯಮನೂರಪ್ಪ.

"ನಾನಪ್ಪಾ" ಅಂದರು ದ್ಯಾಮಣ್ಣ.

"ನಾನು" ಅಂದೆ, ಅದೇ ಉಸಿರಿನಲ್ಲಿ.

ಅವನು ಅವರ ಮುಖ ನೋಡಿದ, ನನ್ನ ಮುಖ ನೋಡಿದ. "ಇಬ್ರೂ ನಾನ ಅಂದ್ರ ನಾ ಯಾರ್ನ ಬೈಬೇಕ್ರಿ?"

ಆಮೇಲೆ ಅವನು ಒಬ್ಬೊಬ್ಬರನ್ನಾಗಿ ಬೈದ. ಮೊದಲು ದ್ಯಾಮಣ್ಣನನ್ನು, ಹಿರಿಯರೆಂದು ಬಹುವಚನ ಬಿಡದೆ. ಆಮೇಲೆ ನನ್ನನ್ನು, ಏಕವಚನದಲ್ಲಿ, ಬಹಳ ಹೊತ್ತು. ಅವನು ಬೈದು ಮುಗಿಸಿ, ಹೆಂಡತಿಯ ಕಡೆ ತಿರುಗಿ "ಚಾ ಆರಿ ಹೋಗ್ಯಾವ, ಬ್ಯಾರೆ ಮಾಡ್ಕೊಂಡ್ ಬಾ" ಅನ್ನುವ ತನಕ ನಾವಿಬ್ಬರೂ ಕಪ್ಪು ಮುಟ್ಟಲಿಲ್ಲ.